ಹುಡುಕಿದ್ದು ಪ್ರಾಣಿ, ಸಿಕ್ಕಿದ್ದು ಬಲೆ: ವನ್ಯಜೀವಿ, ಮೀನುಗಾರಿಕೆ, ಜಲಕೃಷಿ ದತ್ತಸಂಚಯಗಳ ನಡುವಿನ ಒಂದು ಪ್ರಕರಣ ಅಧ್ಯಯನ

ಪ್ರಶ್ನೆ ಮತ್ತು ಮೊದಲ ಕರಡು

ಸಂಶೋಧನಾರ್ಥಿಯೊಬ್ಬರು ತಮ್ಮ ಮಹಾಪ್ರಬಂಧದ ಎರಡನೆಯ ಅಧ್ಯಾಯದ ಕರಡನ್ನು ಹಿಡಿದು ನಾನು ಕೆಲಸ ಮಾಡುವ ಗ್ರಂಥಾಲಯದ ಆಕರ ವಿಭಾಗಕ್ಕೆ ಬಂದಾಗ, ಅದರ ಕೊನೆಯ ಪುಟದ ಅಂಚಿನಲ್ಲಿ ಮಾರ್ಗದರ್ಶಕರ ಕೈಬರಹದ ಒಂದೇ ಒಂದು ಸಾಲಿತ್ತು: “ಮೀನು ಸಾಕುವವರ ಕಡೆಯಿಂದ ಯಾರೂ ಏನೂ ಬರೆದಿಲ್ಲವೇ?” ಅಧ್ಯಾಯದ ವಿಷಯ ಮೇಲ್ನೋಟಕ್ಕೆ ಸರಳವಾಗಿತ್ತು. ಮೀನು ಸಾಕಣೆಯ ಕೊಳಗಳಿಗೆ ನೀರುನಾಯಿಗಳಿಂದ ನಿಜವಾಗಿ ಎಷ್ಟು ನಷ್ಟವಾಗುತ್ತದೆ, ಆ ನಷ್ಟವನ್ನು ಪ್ರಾಣಿಗೆ ಅಪಾಯವಾಗದಂತೆ ತಡೆಯಲು ಮಾಡಿದ ಪ್ರಯತ್ನಗಳಲ್ಲಿ ಯಾವುವು ಫಲ ಕೊಟ್ಟಿವೆ ಎಂಬುದನ್ನು ಈಗಾಗಲೇ ಪ್ರಕಟವಾದ ಸಾಹಿತ್ಯದಿಂದ ಒಟ್ಟುಗೂಡಿಸಬೇಕಿತ್ತು. ಸಂಶೋಧನಾರ್ಥಿ ಪ್ರಾಣಿಶಾಸ್ತ್ರ ಓದಿದವರು. ಅವರು ಉಲ್ಲೇಖಿಸಿದ್ದ ಲೇಖನಗಳೆಲ್ಲ ಒಂದೇ ಬಗೆಯ ನಿಯತಕಾಲಿಕೆಗಳಿಂದ, ಅಂದರೆ ಸಸ್ತನಿಗಳ ಮತ್ತು ವನ್ಯಜೀವಿ ಸಂರಕ್ಷಣೆಯ ನಿಯತಕಾಲಿಕೆಗಳಿಂದ ಬಂದಿದ್ದವು. ಆ ಲೇಖನಗಳು ನೀರುನಾಯಿಯ ಆಹಾರವೇನು ಎಂಬುದನ್ನು ವಿವರವಾಗಿ ಹೇಳುತ್ತಿದ್ದವೇ ಹೊರತು, ಕೊಳದ ಯಜಮಾನನಿಗೆ ಏನಾಯಿತು ಎಂಬ ಮಾತನ್ನು ಬಹುಮಟ್ಟಿಗೆ ಎತ್ತುತ್ತಲೇ ಇರಲಿಲ್ಲ. ಹೀಗಿದ್ದೂ ಕರಡಿನ ಕೊನೆಯಲ್ಲಿ “ಕೊಳಗಳಲ್ಲಿನ ಹಾನಿಯನ್ನು ಕುರಿತ ಅಧ್ಯಯನಗಳು ತೀರಾ ವಿರಳ” ಎಂಬ ನಿರ್ಣಯ ಬಂದು ಕುಳಿತಿತ್ತು.

ಆ ನಿರ್ಣಯವೇ ಈ ಪ್ರಕರಣದ ಆರಂಭ. ಅಧ್ಯಯನಗಳು ಇಲ್ಲ ಎನ್ನುವುದು ಒಂದು ಸಂಶೋಧನಾ ಫಲಿತಾಂಶ. ನನಗೆ ಸಿಗಲಿಲ್ಲ ಎನ್ನುವುದು ಹುಡುಕಿದ ಬಗೆಯ ವಿವರ. ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ಬರೆದುಬಿಡುವುದು ಹೊಸ ಸಂಶೋಧಕರಲ್ಲಿ ಮಾತ್ರ ಕಾಣುವ ದೋಷವೆಂದು ನಾನು ಭಾವಿಸುವುದಿಲ್ಲ.

ಅವರು ಬಳಸಿದ್ದು ಎರಡೇ ಆಕರಗಳನ್ನು. ಒಂದು, 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್. ಇನ್ನೊಂದನ್ನು ಅವರು “ವೆಬ್ ಆಫ್ ಸೈನ್ಸ್” ಎಂದು ಬರೆದುಕೊಂಡಿದ್ದರು. ಗೂಗಲ್ ಸ್ಕಾಲರ್ ಎಷ್ಟೇ ಫಲಿತಾಂಶಗಳಿವೆ ಎಂದು ಹೇಳಿದರೂ ಮೊದಲ 1000ವನ್ನು ಮಾತ್ರ ತೋರಿಸುತ್ತದೆ, ತಾನು ಯಾವ ಯಾವ ನಿಯತಕಾಲಿಕೆಗಳನ್ನು ಒಳಗೊಂಡಿದ್ದೇನೆ ಎಂಬ ಪಟ್ಟಿಯನ್ನು ಪ್ರಕಟಿಸುವುದಿಲ್ಲ, ಮತ್ತು ಇಂದು ತೋರಿಸಿದ ಅನುಕ್ರಮವನ್ನೇ ನಾಳೆಯೂ ತೋರಿಸುತ್ತದೆ ಎಂಬ ಭರವಸೆ ಕೊಡುವುದಿಲ್ಲ. ಒಂದು ಲೇಖನದ ಹೆಸರು ಗೊತ್ತಿದ್ದು ಅದರ ಪ್ರತಿ ಬೇಕೆಂದಾಗ ಅದಕ್ಕಿಂತ ವೇಗದ ಸಾಧನ ಇನ್ನೊಂದಿಲ್ಲ. ಆದರೆ “ಇದಕ್ಕಿಂತ ಹೆಚ್ಚು ಇಲ್ಲ” ಎಂದು ಹೇಳಲು ಅದನ್ನು ಆಧಾರ ಮಾಡಿಕೊಳ್ಳಲಾಗದು.

ಎರಡನೆಯದರಲ್ಲಿನ ಗೊಂದಲ ಇನ್ನಷ್ಟು ಸೂಕ್ಷ್ಮವಾದದ್ದು. ವೆಬ್ ಆಫ್ ಸೈನ್ಸ್ ಎನ್ನುವುದು ಒಂದು ದತ್ತಸಂಚಯದ (ಡೇಟಾಬೇಸಿನ) ಹೆಸರಲ್ಲ, ಹಲವು ದತ್ತಸಂಚಯಗಳನ್ನು ಹೊತ್ತ ವೇದಿಕೆಯ ಹೆಸರು. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ, ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಉಲ್ಲೇಖ ಸೂಚಿಯಿಂದ ಬೆಳೆದ ಮುಖ್ಯ ಸಂಗ್ರಹ ಅದರಲ್ಲಿ ಒಂದು ಭಾಗ ಮಾತ್ರ. ಜುವಾಲಜಿಕಲ್ ರೆಕಾರ್ಡ್, ಬಯಲಾಜಿಕಲ್ ಅಬ್‌ಸ್ಟ್ರ್ಯಾಕ್ಟ್ಸ್, ಸಿಎಬಿ ಅಬ್‌ಸ್ಟ್ರ್ಯಾಕ್ಟ್ಸ್ ಇವೆಲ್ಲ ಅದೇ ಪರದೆಯಲ್ಲಿ, ಆದರೆ ಬೇರೆ ಬೇರೆ ಚಂದಾದ ಮೇಲೆ ಸಿಗುತ್ತವೆ. ಪ್ರೋಕ್ವೆಸ್ಟ್, ಎಬ್ಸ್‌ಕೊ ಎಂಬ ಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹುಡುಕು ಪೆಟ್ಟಿಗೆಯ ಮೇಲಿರುವ ಚಿಕ್ಕ ಪಟ್ಟಿಯನ್ನು ಬಿಚ್ಚಿ ನೋಡಿದಾಗ ಸಂಶೋಧನಾರ್ಥಿ ಹುಡುಕಿದ್ದು ಮುಖ್ಯ ಸಂಗ್ರಹದಲ್ಲಿ ಮಾತ್ರ ಎಂಬುದು ತಿಳಿಯಿತು. ಅದೇ ಪಟ್ಟಿಯಲ್ಲಿ, ಸಂಸ್ಥೆ ಆಗಲೇ ಚಂದಾ ಕಟ್ಟಿದ್ದ ಪ್ರಾಣಿಶಾಸ್ತ್ರದ ಸೂಚಿಯೊಂದು ಯಾರೂ ಮುಟ್ಟದೆ ಕುಳಿತಿತ್ತು.

“ಒಟ್ಟರ್” ಎಂಬ ಪದ

ಮೀನಿನವರ ಕಡೆಯ ಸಾಹಿತ್ಯಕ್ಕೆ ಸಹಜವಾಗಿ ಮೊದಲು ನೆನಪಾಗುವುದು ಆಸ್ಫಾ. ಜಲವಿಜ್ಞಾನ ಮತ್ತು ಮೀನುಗಾರಿಕೆಯ ಸಾರಲೇಖಗಳ ಈ ಸಂಚಯದ ಸಚಿವಾಲಯ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿದೆ. 1971ರಿಂದೀಚಿನ ಸಾಹಿತ್ಯವನ್ನು ಅನೇಕ ದೇಶಗಳ ಪಾಲುದಾರ ಸಂಸ್ಥೆಗಳು ದಾಖಲಿಸುತ್ತ ಬಂದಿವೆ. ಬಹುಕಾಲ ಅದು ಪ್ರೋಕ್ವೆಸ್ಟ್ ಮೂಲಕ ಚಂದಾದಾರರಿಗೆ ಮಾತ್ರ ದೊರೆಯುತ್ತಿತ್ತು. ಈಗ ಪಾಲುದಾರರು ಸೇರಿಸಿದ ದಾಖಲೆಗಳನ್ನು ಓಪನ್‌ಆಸ್ಫಾ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ನೋಡಬಹುದು. ಸಂಶೋಧನಾರ್ಥಿ ಅದರಲ್ಲಿ ತಮ್ಮ ಹಳೆಯ ಪದವನ್ನೇ, ನೀರುನಾಯಿಗೆ ಇಂಗ್ಲಿಷಿನಲ್ಲಿರುವ “ಒಟ್ಟರ್” ಎಂಬುದನ್ನೇ ಹಾಕಿದರು. ಪುಟದ ಮೇಲೆ ಪುಟ ಫಲಿತಾಂಶ ಬಂತು. ಒಂದೆರಡು ಪುಟ ಓದಿ ತಲೆಯೆತ್ತಿ ಅವರು ಹೇಳಿದ್ದು ಇಷ್ಟೇ: “ಸರ್, ನಾನು ಹುಡುಕಿದ್ದು ಪ್ರಾಣಿ, ಸಿಕ್ಕಿದ್ದು ಬಲೆ.”

ಅದು ಅಕ್ಷರಶಃ ನಿಜ. ಸಮುದ್ರದ ತಳವನ್ನು ಗೋರುತ್ತ ಸಾಗುವ ಟ್ರಾಲ್ ಬಲೆಯ ಬಾಯಿ ಮುಚ್ಚಿಹೋಗದಂತೆ ಎರಡೂ ಬದಿಗೆ ಎಳೆದು ಹಿಡಿಯುವ ಹಲಗೆಗಳಿಗೆ ಇಂಗ್ಲಿಷಿನಲ್ಲಿ ಒಟ್ಟರ್ ಬೋರ್ಡ್ ಎಂದು ಹೆಸರು, ಅಂಥ ಬಲೆಗೆ ಒಟ್ಟರ್ ಟ್ರಾಲ್ ಎಂದು ಹೆಸರು. ಮೀನುಗಾರಿಕೆಯ ಯಾವುದೇ ದತ್ತಸಂಚಯದಲ್ಲಿ ಈ ಪದ ಪ್ರಾಣಿಗಿಂತ ಹೆಚ್ಚಾಗಿ ಬಲೆಯನ್ನೇ ಸೂಚಿಸುತ್ತದೆ. ವನ್ಯಜೀವಿ ಸಾಹಿತ್ಯದಲ್ಲಿ ಬೆಳೆದವರಿಗೆ ಇದು ಹೊಳೆಯುವುದೇ ಇಲ್ಲ. ಟ್ರಾಲ್ ದೋಣಿಯ ಬಗ್ಗೆ ಬರೆಯುವವರಿಗೆ ಇದನ್ನು ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ.

ಇಂಥಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು “ಬೇಡ” ಎಂಬ ನಿರ್ದೇಶನದ ಕಡೆಗೆ: ಟ್ರಾಲ್ ಎಂಬ ಪದವಿರುವ ದಾಖಲೆಗಳೆಲ್ಲ ಹೊರಗಿರಲಿ ಎಂದು ಬರೆದುಬಿಡುವುದು. ಅದು ಬಲೆಯನ್ನು ಹೊರಗಿಡುತ್ತದೆ, ನಿಜ. ಆದರೆ ಒಂದೇ ಸಾರಲೇಖದಲ್ಲಿ ಪ್ರಾಣಿಯೂ ಬಲೆಯೂ ಬಂದಿದ್ದರೆ, ಉದಾಹರಣೆಗೆ ಒಂದು ಪ್ರದೇಶದ ಮೀನುಗಾರಿಕೆಯ ಎಲ್ಲ ಸಂಘರ್ಷಗಳನ್ನು ಒಟ್ಟಿಗೆ ಚರ್ಚಿಸುವ ವರದಿಯಲ್ಲಿ, ಅಂಥ ದಾಖಲೆಯೂ ಸದ್ದಿಲ್ಲದೆ ಜಾರಿಹೋಗುತ್ತದೆ. ಹೊರಗಿಟ್ಟದ್ದನ್ನು ನಾವು ಮತ್ತೆ ನೋಡುವುದಿಲ್ಲವಾದ್ದರಿಂದ ತಪ್ಪಾದದ್ದು ಗೊತ್ತಾಗುವುದೂ ಇಲ್ಲ. ಆದ್ದರಿಂದ ಬೇಡದ್ದನ್ನು ತಳ್ಳುವ ಬದಲು ಬೇಕಾದದ್ದನ್ನು ಬಿಗಿಗೊಳಿಸುವ ದಾರಿಯನ್ನು ಹಿಡಿದೆವು. ಪ್ರಾಣಿಯ ವೈಜ್ಞಾನಿಕ ಹೆಸರು ಇರಬೇಕು. ಇಲ್ಲವೇ “ಒಟ್ಟರ್” ಎಂಬುದು ಕೊಳ, ಮೀನುಸಾಕಣೆ, ಮರಿ ಉತ್ಪಾದನಾ ಕೇಂದ್ರ ಎಂಬರ್ಥದ ಪದಗಳ ಹತ್ತಿರದಲ್ಲೇ ಇರಬೇಕು. ಹತ್ತಿರ ಎಂದರೆ ಎಷ್ಟು ಪದಗಳ ಅಂತರ ಎಂದು ಹೇಳಲು ವೆಬ್ ಆಫ್ ಸೈನ್ಸಿನಲ್ಲಿ “ನಿಯರ್” ಎಂಬ ನಿರ್ದೇಶನವಿದೆ, ಎಲ್ಲ ವಿಷಯಗಳ ಸಂಚಯವಾದ ಸ್ಕೋಪಸ್‌ನಲ್ಲಿ ಅದೇ ಕೆಲಸಕ್ಕೆ “ಡಬ್ಲ್ಯು” ಅಕ್ಷರವಿದೆ. ಒಂದರ ವ್ಯಾಕರಣವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಹುಡುಕಾಟ ಕೆಟ್ಟಿದೆ ಎಂದು ಸೂಚನೆ ಬರಬಹುದು, ಬಾರದೆ ತಪ್ಪು ಫಲಿತಾಂಶವೇ ಬರಬಹುದು; ಎರಡನೆಯದು ಹೆಚ್ಚು ಅಪಾಯದ್ದು.

ವೈಜ್ಞಾನಿಕ ಹೆಸರುಗಳೂ ನಂಬಿದಷ್ಟು ಸ್ಥಿರವಲ್ಲ. ಯುರೇಷಿಯಾದ ನೀರುನಾಯಿ ಲೂಟ್ರಾ ಲೂಟ್ರಾ ಎಂಬ ಹೆಸರಿನಲ್ಲೇ ಉಳಿದಿದೆ. ಆದರೆ ಉತ್ತರ ಅಮೆರಿಕದ ನದಿ ನೀರುನಾಯಿ ಹಿಂದೆ ಲೂಟ್ರಾ ಕೆನಡೆನ್ಸಿಸ್ ಆಗಿದ್ದದ್ದು ಈಗ ಲೊಂಟ್ರಾ ಕೆನಡೆನ್ಸಿಸ್. ಏಷ್ಯಾದ ನುಣುಪು ತುಪ್ಪಳದ ನೀರುನಾಯಿ ಲೂಟ್ರಾ ಪರ್ಸ್‌ಪಿಸಿಲೇಟಾದಿಂದ ಲೂಟ್ರೊಗೇಲ್ ಪರ್ಸ್‌ಪಿಸಿಲೇಟಾ ಆಯಿತು. ಸಣ್ಣ ಉಗುರಿನ ಪ್ರಭೇದವನ್ನು ಆಂಬ್ಲೊನಿಕ್ಸ್ ಎಂದೂ ಅಯೊನಿಕ್ಸ್ ಎಂದೂ ಎರಡು ಕುಲನಾಮಗಳಲ್ಲಿ ಕಾಣಬಹುದು. ಮೀನಿನ ಕಡೆಯೂ ಇದೇ ಕಥೆ. ಕಾಮನಬಿಲ್ಲು ಟ್ರೌಟ್ ಮೀನನ್ನು 1989ರವರೆಗೆ ಸಾಲ್ಮೊ ಗೈರ್ಡ್‌ನೆರಿ ಎನ್ನುತ್ತಿದ್ದರು, ಅನಂತರ ಆಂಕೊರಿಂಕಸ್ ಮೈಕಿಸ್ ಎಂದರು. ನೈಲ್ ತಿಲಾಪಿಯಾ ಮೀನು ತಿಲಾಪಿಯಾ, ಸರೊಥೆರೊಡಾನ್, ಓರಿಯೊಕ್ರೊಮಿಸ್ ಎಂಬ ಮೂರು ಕುಲಗಳ ಅಡಿಯಲ್ಲಿ ದಾಖಲಾಗಿದೆ. ಹಳೆಯ ಹೆಸರನ್ನು ಬಿಟ್ಟರೆ ಆ ಕಾಲದ ಸಾಹಿತ್ಯವೇ ಬಿಟ್ಟುಹೋಗುತ್ತದೆ. ಹೆಸರುಗಳ ಇತಿಹಾಸಕ್ಕೆ ಮೀನಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ನಡೆಸುವ ಎಶ್‌ಮೇಯರ್ ಮತ್ಸ್ಯನಾಮ ಸೂಚಿಯನ್ನೂ, ಕಡಲ ಜೀವಿಗಳ ವಿಷಯದಲ್ಲಿ ವರ್ಮ್ಸ್ ಎಂಬ ಜಾಗತಿಕ ನೋಂದಣಿಯನ್ನೂ ಮೊದಲು ತೆರೆದು, ಸಮಾನನಾಮಗಳನ್ನೆಲ್ಲ ಬರೆದುಕೊಂಡ ಮೇಲೆ ಹುಡುಕಾಟಕ್ಕೆ ಕೂರುವುದು ಒಳ್ಳೆಯದು.

ಒಂದೇ ಅಕ್ಷರಗಳಿಂದ ಆರಂಭವಾಗುವ ಪದಗಳೆಲ್ಲ ಬರಲೆಂದು ಪದದ ಬಾಲ ಕತ್ತರಿಸಿ ನಕ್ಷತ್ರಚಿಹ್ನೆ ಹಾಕುವ ಅಭ್ಯಾಸವೂ ಇಲ್ಲಿ ಕೈಕೊಟ್ಟಿತು. “ಲೂಟ್ರಾ” ಎಂಬುದರ ಮುಂದೆ ನಕ್ಷತ್ರ ಹಾಕಿದಾಗ ಲೂಟ್ರೇರಿಯಾ ಎಂಬ ಚಿಪ್ಪುಜೀವಿಗಳ ಕುಲ ಬಂದು ಸೇರಿತು; ಅದಕ್ಕೂ ಇಂಗ್ಲಿಷಿನಲ್ಲಿ ಒಟ್ಟರ್ ಶೆಲ್ ಎಂದೇ ಹೆಸರು ಎಂಬುದು ವಿಚಿತ್ರ ಕಾಕತಾಳೀಯ. ಗೆಂಡೆ ಮೀನಿಗೆಂದು “ಕಾರ್ಪ್” ಎಂದು ಬರೆದು ನಕ್ಷತ್ರ ಹಾಕಿದರೆ ಕಾರ್ಪೆಟ್ಟೂ ಕಾರ್ಪೆಂಟರೂ ಹಿಂದೆಯೇ ಬರುತ್ತಾರೆ. ಭಾಷೆಯ ಬಲೆ ಇನ್ನೂ ಒಂದಿತ್ತು. ಸ್ಪ್ಯಾನಿಷಿನಲ್ಲಿ “ನೂಟ್ರಿಯಾ” ಎಂದರೆ ನೀರುನಾಯಿ. ಇಂಗ್ಲಿಷಿನಲ್ಲಿ ಅದೇ ಪದ ಕೊಯ್ಪು ಎಂಬ ದಂಶಕಕ್ಕೆ ಸಲ್ಲುತ್ತದೆ. ಆ ದಂಶಕ ಮೀನು ತಿನ್ನುವುದಿಲ್ಲ, ಆದರೆ ದಂಡೆಗಳಲ್ಲಿ ಬಿಲ ತೋಡಿ ಏರಿಯನ್ನು ಹಾಳುಮಾಡುವುದರಿಂದ ಕೊಳಗಳಿಗೆ ಆಗುವ ಹಾನಿಯ ಸಾಹಿತ್ಯದಲ್ಲಿ ಅದಕ್ಕೂ ಸ್ಥಾನವಿದೆ; ಆದ್ದರಿಂದ ಶೀರ್ಷಿಕೆ ಮಾತ್ರ ನೋಡಿ ಬೇರ್ಪಡಿಸಲಾಗದು. ಜರ್ಮನ್ ಭಾಷೆಯಲ್ಲಿ “ಒಟ್ಟರ್” ಎಂದರೆ ಮಂಡಲದ ಹಾವಿನ ಜಾತಿಯೂ ಆಗಬಹುದು. ಖಚಿತವಾಗಿ ಈ ಪ್ರಾಣಿಯೇ ಬೇಕೆಂದರೆ “ಫಿಶ್‌ಒಟ್ಟರ್” ಎನ್ನಬೇಕು.

ಯಾವ ಸಂಚಯ ಯಾರಿಗಾಗಿ ಹುಟ್ಟಿತು

ಪದಗಳ ಪಟ್ಟಿ ಸಿದ್ಧವಾದ ಮೇಲೆ ಎದ್ದ ಪ್ರಶ್ನೆ ಎಲ್ಲಿ ಹುಡುಕಬೇಕು ಎಂಬುದು. ಇಲ್ಲಿ ನಾನು ಸಂಶೋಧನಾರ್ಥಿಗೆ ಕೊಟ್ಟ ಸಲಹೆ, ದತ್ತಸಂಚಯಗಳ ಹೆಸರನ್ನು ಪಟ್ಟಿ ಮಾಡುವ ಮೊದಲು, ಈ ವಿಷಯದ ಬಗ್ಗೆ ಬರೆಯಬಹುದಾದವರ ಪಟ್ಟಿ ಮಾಡಿ ಎಂಬುದು. ಒಬ್ಬ ಸಸ್ತನಿತಜ್ಞ ಬರೆಯುತ್ತಾನೆ. ಕೊಳದ ಇಳುವರಿ ಲೆಕ್ಕ ಹಾಕುವ ಜಲಕೃಷಿ ವಿಜ್ಞಾನಿ ಬರೆಯುತ್ತಾನೆ. ಪರಿಹಾರಧನ ಕೊಡಬೇಕಾದ ಸರ್ಕಾರಿ ಇಲಾಖೆ ವರದಿ ಬರೆಸುತ್ತದೆ. ಪ್ರಾಣಿಹಾನಿ ನಿಯಂತ್ರಣದ ವಿಸ್ತರಣಾಧಿಕಾರಿ ಕೈಪಿಡಿ ಬರೆಯುತ್ತಾನೆ. ಮೀನಿನ ಒತ್ತಡ, ಗಾಯ, ರೋಗಗಳನ್ನು ನೋಡುವ ಪಶುವೈದ್ಯ ಬರೆಯುತ್ತಾನೆ. ಇವರಲ್ಲಿ ಇಬ್ಬರು ಒಂದೇ ನಿಯತಕಾಲಿಕೆಯಲ್ಲಿ ಬರೆಯುವುದು ಅಪರೂಪ. ದತ್ತಸಂಚಯಗಳನ್ನು ಕಟ್ಟಿದವರೂ ತಮ್ಮ ತಮ್ಮ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದಾರೆ. ನೀರುನಾಯಿ ಒಬ್ಬರಿಗೆ ಸಂರಕ್ಷಿತ ಪ್ರಾಣಿ, ಇನ್ನೊಬ್ಬರಿಗೆ ಉಪದ್ರವಕಾರಿ, ಮತ್ತೊಬ್ಬರಿಗೆ ಮರಣಪ್ರಮಾಣದ ಕೋಷ್ಟಕದಲ್ಲಿನ ಒಂದು ಕಾರಣ.

ಸಸ್ತನಿತಜ್ಞರಿಗೆ ಜುವಾಲಜಿಕಲ್ ರೆಕಾರ್ಡ್. 1864ರ ಸಾಹಿತ್ಯದಿಂದ ಮೊದಲ್ಗೊಂಡು ಇಂದಿನವರೆಗೆ ಮುಂದುವರಿದಿರುವ ಈ ಸೂಚಿಯ ಬಲವಿರುವುದು ಅದರ ವರ್ಗೀಕರಣದಲ್ಲಿ. ಪ್ರತಿಯೊಂದು ಲೇಖನವನ್ನೂ ಪ್ರಾಣಿವರ್ಗದ ಏಣಿಯಲ್ಲಿ ಇಟ್ಟು ದಾಖಲಿಸಿರುವುದರಿಂದ, ಪ್ರಭೇದದ ಹೆಸರು ಬದಲಾಗಿದ್ದರೂ ನೀರುನಾಯಿಗಳು ಸೇರುವ ಮಸ್ಟೆಲಿಡೆ ಎಂಬ ಕುಟುಂಬದ ಮಟ್ಟದಲ್ಲಿ ಹುಡುಕಿ, ಅದನ್ನು ಕೊಳ ಮತ್ತು ಮೀನುಸಾಕಣೆಯ ಪದಗಳೊಂದಿಗೆ ಜೋಡಿಸಿದಾಗ ನಾವು ಊಹಿಸದಿದ್ದ ಹೆಸರುಗಳೂ ಹೊರಬಂದವು. ಎಬ್ಸ್‌ಕೊ ವೇದಿಕೆಯಲ್ಲಿರುವ ವೈಲ್ಡ್‌ಲೈಫ್ ಅಂಡ್ ಇಕಾಲಜಿ ಸ್ಟಡೀಸ್ ವರ್ಲ್ಡ್‌ವೈಡ್ ಎಂಬ ಸಂಚಯದ ಬೇರು 1935ರಲ್ಲಿ ಆರಂಭವಾಗಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ನಡೆಸಿಕೊಂಡು ಬಂದ ಸಾರಲೇಖ ಪತ್ರಿಕೆಯಲ್ಲಿದೆ. ಬೇಟೆ, ಹಾನಿ, ನಿರ್ವಹಣೆ ಎಂಬ ವ್ಯಾವಹಾರಿಕ ದೃಷ್ಟಿ ಅದರಲ್ಲಿ ಇತರೆಡೆಗಿಂತ ಹೆಚ್ಚು. ಅದೇ ಕುಟುಂಬದ ಮೀನಿನ ಸಂಚಯವೊಂದೂ ಇದೆ, ಅದು ಸಿಹಿನೀರಿನ ಮೀನುಗಾರಿಕೆಗೆ ಉಪಯುಕ್ತ.

ಆದರೆ ಮಾರ್ಗದರ್ಶಕರ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಸಿಎಬಿ ಅಬ್‌ಸ್ಟ್ರ್ಯಾಕ್ಟ್ಸ್ ಮತ್ತು ಅಗ್ರಿಸ್ ಎಂಬ ಎರಡು ಕೃಷಿ ಸಂಚಯಗಳಲ್ಲಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಕೃಷಿಯ ಸೂಚಿಯನ್ನು ತೆರೆಯುವುದು ಕಡಿಮೆ. ಮೀನು ಸಾಕಣೆ ಅನೇಕ ದೇಶಗಳಲ್ಲಿ ಕೃಷಿಯ ಅಂಗವಾಗಿಯೇ ನಡೆಯುತ್ತದೆ ಎಂಬುದು ಗೊತ್ತಿದ್ದರೂ ಅದು ಹುಡುಕುವ ಕೈಗೆ ತಲುಪಿರುವುದಿಲ್ಲ. ಸಿಎಬಿ ಸಂಚಯ 1973ರಿಂದೀಚಿನದು, ಅದರ ಹಿಂದಿನ ಭಂಡಾರ 1910ರವರೆಗೆ ಹೋಗುತ್ತದೆ. ಅಗ್ರಿಸ್ 1970ರ ದಶಕದಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಆರಂಭಿಸಿದ್ದು, ಉಚಿತ. ಅಗ್ರಿಸ್‌ನ ದಾಖಲೆಗಳಿಗೆ ಅಗ್ರೊವಾಕ್ ಎಂಬ ಬಹುಭಾಷಾ ಪದಕೋಶದ ಬೆಂಬಲವಿದೆ. 40,000ಕ್ಕೂ ಹೆಚ್ಚು ಪರಿಕಲ್ಪನೆಗಳಿರುವ ಆ ಕೋಶದಲ್ಲಿ ಒಂದು ಪರಿಕಲ್ಪನೆಗೆ ಇಂಗ್ಲಿಷ್ ಪದ ಹುಡುಕಿದರೆ ಅದರ ಜೆಕ್, ಜರ್ಮನ್, ಪೋಲಿಷ್ ರೂಪಗಳೂ ಜೊತೆಯಲ್ಲೇ ಸಿಗಬಹುದು. ಈ ಪ್ರಕರಣದಲ್ಲಿ ಅದರ ಬೆಲೆ ತಿಳಿದದ್ದು ತಡವಾಗಿ: ಗೆಂಡೆ ಮೀನಿನ ಕೊಳಗಳ ದೀರ್ಘ ಪರಂಪರೆಯಿರುವ ಮಧ್ಯ ಯುರೋಪಿನ ದೇಶಗಳಲ್ಲಿ ನೀರುನಾಯಿಯ ಹಾನಿ ಕೇವಲ ವೈಜ್ಞಾನಿಕ ಪ್ರಶ್ನೆಯಾಗಿ ಉಳಿದಿಲ್ಲ, ಕಾನೂನಿನ ಪ್ರಶ್ನೆಯೂ ಆಗಿದೆ. ಸಂರಕ್ಷಿತ ಪ್ರಾಣಿಗಳಿಂದಾದ ನಷ್ಟಕ್ಕೆ ಪರಿಹಾರ ಕೊಡುವ ಜೆಕ್ ಕಾಯ್ದೆ 2000ದ್ದು, ಅದರ ವ್ಯಾಪ್ತಿಯಲ್ಲಿ ನೀರುನಾಯಿಯೂ ಇದೆ. ಪರಿಹಾರವಿದ್ದಲ್ಲಿ ಲೆಕ್ಕ ಬೇಕು, ಲೆಕ್ಕ ಬೇಕಾದಲ್ಲಿ ಅಧ್ಯಯನ ನಡೆಯುತ್ತದೆ. ಕರಡಿನಲ್ಲಿ “ವಿರಳ” ಎಂದು ಬರೆದಿದ್ದ ಸಾಹಿತ್ಯ ಆ ದೇಶಗಳ ಭಾಷೆಗಳಲ್ಲಿ, ಇಂಗ್ಲಿಷ್ ಸಾರಲೇಖವನ್ನು ಮಾತ್ರ ಹೊದ್ದುಕೊಂಡು ಕೂತಿತ್ತು.

ಓದುತ್ತ ಹೋದಂತೆ ಇನ್ನೊಂದು ವ್ಯತ್ಯಾಸ ಕಾಣಿಸಿತು. ಅದು ಅಧ್ಯಾಯದ ರೂಪವನ್ನೇ ಬದಲಿಸಿತು. ವನ್ಯಜೀವಿ ಸಾಹಿತ್ಯ ಹೆಚ್ಚಾಗಿ ಆಧರಿಸಿರುವುದು ಹಿಕ್ಕೆಯ ವಿಶ್ಲೇಷಣೆಯನ್ನು. ದಂಡೆಯ ಮೇಲೆ ಸಿಕ್ಕ ಹಿಕ್ಕೆಯಲ್ಲಿನ ಮೂಳೆ, ಹುರುಪೆಗಳಿಂದ ಯಾವ ಮೀನು ಎಷ್ಟು ಬಾರಿ ತಿನ್ನಲ್ಪಟ್ಟಿತು ಎಂದು ಲೆಕ್ಕ ಹಾಕುತ್ತಾರೆ. ಆದರೆ ದೊಡ್ಡ ಗೆಂಡೆಯನ್ನು ಹಿಡಿದ ನೀರುನಾಯಿ ಮೆತ್ತನೆಯ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ದಂಡೆಯಲ್ಲೇ ಬಿಟ್ಟರೆ ಅದರ ಮೂಳೆ ಹಿಕ್ಕೆಯೊಳಗೆ ಬರುವುದೇ ಇಲ್ಲ. ಹಾಗಾಗಿ ಸಣ್ಣ ಮೀನಿನ ಪಾಲು ಹಿಗ್ಗಿ ಕಾಣುತ್ತದೆ, ಕೊಳದ ಯಜಮಾನನಿಗೆ ನಿಜವಾಗಿ ನೋವು ಕೊಡುವ ದೊಡ್ಡ ಮೀನಿನ ಪಾಲು ಕುಗ್ಗುತ್ತದೆ. ಜಲಕೃಷಿಯವರ ಲೇಖನಗಳು ದಂಡೆಯಲ್ಲಿ ಉಳಿದ ಮೀನನ್ನು ಎಣಿಸುತ್ತವೆ, ಬಿಟ್ಟ ಮರಿಗೂ ಹಿಡಿದ ಮೀನಿಗೂ ಇರುವ ಅಂತರವನ್ನು ತೂಗುತ್ತವೆ. ಚಳಿಗಾಲದಲ್ಲಿ ಮಂದವಾಗಿ ತಳದಲ್ಲಿ ತಂಗಿರುವ ಗೆಂಡೆಗಳನ್ನು ಪದೇ ಪದೇ ಕಲಕುವುದರಿಂದ, ತಿನ್ನದೇ ಉಳಿದ ಮೀನಿಗೂ ಆಗುವ ಒತ್ತಡವನ್ನು ಚರ್ಚಿಸುತ್ತವೆ. ಆದರೆ ಆ ಅಂತರದಲ್ಲಿ ಪಕ್ಷಿಗಳು ತಿಂದದ್ದು, ರೋಗದಿಂದ ಸತ್ತದ್ದು, ಕಳುವಾದದ್ದು ಎಲ್ಲ ಸೇರಿಹೋಗಿರುವ ಸಾಧ್ಯತೆಯಿದೆ. ಒಂದು ಸಾಹಿತ್ಯ ನಷ್ಟವನ್ನು ಕಡಿಮೆ ತೋರಿಸುವ ಕಡೆಗೆ, ಇನ್ನೊಂದು ಹೆಚ್ಚು ತೋರಿಸುವ ಕಡೆಗೆ ವಾಲುತ್ತದೆ. ಒಂದೇ ಬಗೆಯ ದತ್ತಸಂಚಯದಲ್ಲಿ ಹುಡುಕಿದವರಿಗೆ ಈ ಎರಡು ವಾಲುಗಳಲ್ಲಿ ಒಂದೇ ಕಾಣುತ್ತದೆ, ಅದೂ ವಾಲಿದಂತೆ ಕಾಣುವುದಿಲ್ಲ. ಸಂಶೋಧನಾರ್ಥಿಯ ಮೊದಲ ಕರಡಿಗೆ ಆದದ್ದು ಇದೇ.

ಸೂಚಿಗಳ ಹೊರಗೆ ಉಳಿದದ್ದು

ತಡೆ ಕ್ರಮಗಳ ವಿಷಯದಲ್ಲಿ ಸಾರಲೇಖ ಸಂಚಯಗಳು ಅಷ್ಟಾಗಿ ನೆರವಾಗಲಿಲ್ಲ. ಬೇಲಿ ಎಷ್ಟು ಎತ್ತರವಿರಬೇಕು, ವಿದ್ಯುತ್ ತಂತಿ ನೆಲದಿಂದ ಎಷ್ಟು ಮೇಲಿರಬೇಕು, ಜಾಲರಿಯನ್ನು ನೆಲದೊಳಗೆ ಹೂಳಬೇಕೇ ಎಂಬುದನ್ನು ಬರೆಯುವವರು ನಿಯತಕಾಲಿಕೆಗೆ ಬರೆಯುವುದಿಲ್ಲ, ಕೈಪಿಡಿಗೂ ಸಮ್ಮೇಳನದ ಸಂಪುಟಕ್ಕೂ ಬರೆಯುತ್ತಾರೆ. ಅಮೆರಿಕದಲ್ಲಿ ಉಪದ್ರವಕಾರಿ ಕಶೇರುಕಗಳ (ಬೆನ್ನೆಲುಬಿರುವ ಪ್ರಾಣಿಗಳ) ಸಮ್ಮೇಳನ 1962ರಿಂದ ನಡೆದುಬಂದಿದೆ. ಅದರ ಸಂಪುಟಗಳು, ಜೊತೆಗೆ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ 1994ರಲ್ಲಿ ಬಂದ ವನ್ಯಜೀವಿ ಹಾನಿ ನಿಯಂತ್ರಣದ ಕೈಪಿಡಿ, ವಿಶ್ವವಿದ್ಯಾಲಯಗಳ ಮುಕ್ತ ಭಂಡಾರಗಳಲ್ಲಿ ದೊರೆಯುತ್ತವೆ. ಆ ಕೈಪಿಡಿಯಲ್ಲಿ ನದಿ ನೀರುನಾಯಿಗೇ ಒಂದು ಅಧ್ಯಾಯವಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ನೀರುನಾಯಿ ತಜ್ಞರ ಗುಂಪು 1986ರಿಂದ ಹೊರತರುತ್ತಿರುವ ವಾರ್ತಾಪತ್ರದ ಹಳೆಯ ಸಂಚಿಕೆಗಳೂ ಜಾಲದಲ್ಲಿ ಮುಕ್ತವಾಗಿವೆ. ನಮಗೆ ಬೇಕಾದ ಚಿಕ್ಕ ಚಿಕ್ಕ ವರದಿಗಳು, ಒಂದು ಊರಿನ ಕೊಳಗಳ ಸಮೀಕ್ಷೆ, ಒಂದು ಬೇಲಿಯ ಪ್ರಯೋಗ, ಇಂಥವು ಅಲ್ಲಿದ್ದವು. ಇಂಥ ಪತ್ರಿಕೆಯಲ್ಲಿ ಹುಡುಕುಪದ ಹಾಕುವುದಕ್ಕಿಂತ ಪರಿವಿಡಿಗಳನ್ನು ಸಂಚಿಕೆಯಿಂದ ಸಂಚಿಕೆಗೆ ಕಣ್ಣಾಡಿಸುವುದೇ ಹೆಚ್ಚು ಫಲಪ್ರದ ಎಂದು ಸಂಶೋಧನಾರ್ಥಿ ಬೇಗ ಕಂಡುಕೊಂಡರು. ಅದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ಇಲಾಖಾ ವರದಿಗಳಿಗೆ ಅಕ್ವಾಡಾಕ್ಸ್ ಎಂಬ ಭಂಡಾರ ಉಪಯೋಗಕ್ಕೆ ಬಂತು. ಯುನೆಸ್ಕೊದ ಅಂತರಸರ್ಕಾರಿ ಸಾಗರಶಾಸ್ತ್ರ ಆಯೋಗ ಮತ್ತು ಜಲವಿಜ್ಞಾನ ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ ನಡೆಸುವ ಇದರಲ್ಲಿ ಹಿಂದಿನ ಓಷನ್‌ಡಾಕ್ಸ್ ಮತ್ತು ಅಕ್ವಾಟಿಕ್ ಕಾಮನ್ಸ್ ಎಂಬ ಎರಡು ಭಂಡಾರಗಳು ಒಂದಾಗಿವೆ. ಹಳೆಯ ಲೇಖನಗಳ ಅಡಿಟಿಪ್ಪಣಿಯಲ್ಲಿ ಅಕ್ವಾಟಿಕ್ ಕಾಮನ್ಸ್‌ನ ಕೊಂಡಿ ಕಂಡು ಅದು ತೆರೆದುಕೊಳ್ಳದಿದ್ದರೆ, ದಾಖಲೆ ಕಳೆದುಹೋಯಿತೆಂದು ಬಿಡಬೇಕಾಗಿಲ್ಲ. ಶೀರ್ಷಿಕೆಯನ್ನು ಹೊಸ ಭಂಡಾರದಲ್ಲಿ ಹಾಕಿ ನೋಡಬೇಕು. ಕ್ರಮಗಳ ಪರಿಣಾಮವನ್ನೇ ಆಧಾರವಾಗಿಟ್ಟುಕೊಂಡು ಸಾಕ್ಷ್ಯಗಳನ್ನು ಸಂಗ್ರಹಿಸುವ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕನ್ಸರ್ವೇಶನ್ ಎವಿಡೆನ್ಸ್ ಕೂಡ ಇಲ್ಲಿ ನೋಡತಕ್ಕದ್ದು, ಏಕೆಂದರೆ ಅಲ್ಲಿ ವಿಂಗಡಣೆ ಪ್ರಭೇದದ ಮೇಲೆ ಮಾತ್ರ ನಿಂತಿಲ್ಲ, “ಏನು ಮಾಡಿದರು” ಎಂಬುದರ ಮೇಲೆ ನಿಂತಿದೆ.

ಪೂರ್ಣಪಾಠ ಪಡೆಯುವ ಕಷ್ಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಚಂದಾ ಇಲ್ಲದ ಲೇಖನಗಳಿಗೆ ಅನ್‌ಪೇವಾಲ್ ಎಂಬ ಚಿಕ್ಕ ಸಾಧನ ಕಾನೂನುಬದ್ಧ ಮುಕ್ತ ಪ್ರತಿಗಳನ್ನು ತೋರಿಸುತ್ತದೆ. ಕಡಿಮೆ ಆದಾಯದ ದೇಶಗಳ ಅರ್ಹ ಸಂಸ್ಥೆಗಳಿಗೆ 2003ರಲ್ಲಿ ಆರಂಭವಾದ ಅಗೋರಾ ಯೋಜನೆ ಕೃಷಿ ಮತ್ತು ಮೀನುಗಾರಿಕೆಯ ನಿಯತಕಾಲಿಕೆಗಳನ್ನು ತೆರೆದಿಡುತ್ತದೆ. ಉಳಿದದ್ದಕ್ಕೆ ಲೇಖಕರಿಗೆ ಪತ್ರ ಬರೆಯುವುದು ಇಂದಿಗೂ ಉತ್ತಮ.

ಲೇಖನ ಹುಡುಕುವುದು ಬೇರೆ, ಅಂಕಿ ಹುಡುಕುವುದು ಬೇರೆ

ನಡುವೆ ಸಂಶೋಧನಾರ್ಥಿ ಫಿಶ್‌ಬೇಸ್, ಜಿಬಿಐಎಫ್, ಫಿಶ್‌ಸ್ಟ್ಯಾಟ್ ಇವುಗಳನ್ನೂ ಹುಡುಕಾಟದ ಪಟ್ಟಿಗೆ ಸೇರಿಸಿದ್ದರು. ಇವೂ ದತ್ತಸಂಚಯಗಳೇ ಆದರೂ ಇವುಗಳ ಕೆಲಸ ಬೇರೆ, ಸಾಹಿತ್ಯ ಪರಿಶೀಲನೆಯ ಪಟ್ಟಿಯಲ್ಲಿ ಇವನ್ನು ಬೆರೆಸಬಾರದು. ಆದರೆ ಪ್ರತ್ಯೇಕವಾಗಿ ಬಳಸಿದಾಗ ಇವು ಅಧ್ಯಾಯಕ್ಕೆ ಬಲ ಕೊಟ್ಟವು.

ಫಿಶ್‌ಬೇಸ್‌ನ ಉಪಯೋಗ ಅನಿರೀಕ್ಷಿತವಾಗಿತ್ತು. ಡೇನಿಯಲ್ ಪೌಲಿ ಮತ್ತು ರೈನರ್ ಫ್ರೋಸೆ ರೂಪಿಸಿದ, 1996ರಿಂದ ಜಾಲದಲ್ಲಿರುವ ಈ ಸಂಚಯದಲ್ಲಿ ಅನೇಕ ಪ್ರಭೇದಗಳ ಉದ್ದಕ್ಕೂ ತೂಕಕ್ಕೂ ಇರುವ ಸಂಬಂಧದ ಗುಣಾಂಕಗಳು ಮೂಲ ಉಲ್ಲೇಖದ ಸಮೇತ ಸಿಗುತ್ತವೆ. ಹಿಕ್ಕೆಯಲ್ಲಿ ಸಿಕ್ಕ ಮೂಳೆಯಿಂದ ಮೀನಿನ ಉದ್ದವನ್ನು ಅಂದಾಜಿಸಿದ ಮೇಲೆ, ಅದನ್ನು ತೂಕಕ್ಕೆ ಪರಿವರ್ತಿಸಲು ಬೇರೆ ಬೇರೆ ಲೇಖಕರು ಬೇರೆ ಬೇರೆ ಗುಣಾಂಕಗಳನ್ನು ಬಳಸಿದ್ದರು. ಅವನ್ನು ಒಂದೇ ಅಳತೆಗೆ ತರಲು ಈ ಕೋಷ್ಟಕ ನೆರವಾಯಿತು.

ಫಿಶ್‌ಸ್ಟ್ಯಾಟ್‌ನಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ 1950ರಿಂದ ದೇಶವಾರು, ಪ್ರಭೇದವಾರು ಉತ್ಪಾದನೆಯ ಅಂಕಿಗಳನ್ನು ಕೊಡುತ್ತದೆ. ನಷ್ಟದ ಪ್ರಮಾಣವನ್ನು ಒಟ್ಟು ಉತ್ಪಾದನೆಯೊಂದಿಗೆ ಹೋಲಿಸಲು ಅದನ್ನು ಛೇದವಾಗಿ ಬಳಸಬಹುದೆಂದು ಸಂಶೋಧನಾರ್ಥಿ ಲೆಕ್ಕ ಹಾಕಿದ್ದರು. ಇದರಲ್ಲೊಂದು ಕೊರತೆಯಿದೆ. ಉತ್ಪಾದನೆ ಎಂದರೆ ಕೊಳದಿಂದ ಮೇಲೆ ಬಂದ ಮೀನು. ನೀರುನಾಯಿ ತಿಂದ ಮೀನು ಆ ಅಂಕಿಯಲ್ಲಿ ಮೊದಲೇ ಕಳೆದುಹೋಗಿರುತ್ತದೆ. ಜೊತೆಗೆ ಅಂಕಿಗಳು ಬರುವುದು ದೇಶಗಳ ಸರ್ಕಾರಗಳು ಸಲ್ಲಿಸಿದ ವರದಿಗಳಿಂದ, ವರದಿ ಬಾರದಿದ್ದಲ್ಲಿ ಸಂಸ್ಥೆಯೇ ಅಂದಾಜು ಮಾಡಿ ಅದನ್ನು ಗುರುತು ಹಾಕಿ ತೋರಿಸುತ್ತದೆ; ಆ ಗುರುತನ್ನು ನೋಡದೆ ಸಂಖ್ಯೆಯನ್ನು ಎತ್ತಿಕೊಳ್ಳುವ ಲೇಖನಗಳನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಜಿಬಿಐಎಫ್ 2001ರಲ್ಲಿ ಸ್ಥಾಪಿತವಾದ, ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲ. ನೀರುನಾಯಿ ಎಲ್ಲೆಲ್ಲಿ ದಾಖಲಾಗಿದೆ ಎಂಬುದು ಅದರಲ್ಲಿ ಸಿಗುತ್ತದೆ, ಎಲ್ಲ ದಾಖಲೆಗಳನ್ನು ಇಳಿಸಿಕೊಂಡಾಗ ಆ ಕಡತಕ್ಕೇ ಒಂದು ಶಾಶ್ವತ ಗುರುತುಸಂಖ್ಯೆಯೂ ಸಿಗುತ್ತದೆ. ಪ್ರಬಂಧದಲ್ಲಿ ಉಲ್ಲೇಖಿಸಬೇಕಾದದ್ದು ಆ ಸಂಖ್ಯೆಯನ್ನು. ನಕ್ಷೆಯಲ್ಲಿ ಚುಕ್ಕಿ ಇಲ್ಲದ ಜಾಗದಲ್ಲಿ ಪ್ರಾಣಿ ಇಲ್ಲವೆಂದಲ್ಲ, ಅಲ್ಲಿಂದ ದಾಖಲೆ ಬಂದಿಲ್ಲವೆಂದಷ್ಟೇ ಅರ್ಥ. ಸಂರಕ್ಷಣಾ ಸ್ಥಿತಿಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯನ್ನೇ ನೋಡಬೇಕು: ಯುರೇಷಿಯಾದ ನೀರುನಾಯಿ ಅಲ್ಲಿ ಅಪಾಯದ ಅಂಚಿಗೆ ಹತ್ತಿರವಿರುವ ವರ್ಗದಲ್ಲಿದೆ, ನುಣುಪು ತುಪ್ಪಳದ್ದು ಅದಕ್ಕಿಂತ ಗಂಭೀರವಾದ ದುರ್ಬಲ ವರ್ಗದಲ್ಲಿದೆ.

ಹುಡುಕಾಟದ ದಾಖಲೆ ಪುಸ್ತಕ

ಎರಡನೆಯ ಸುತ್ತಿನ ಮೊದಲ ದಿನದಿಂದಲೇ ಒಂದು ದಾಖಲೆ ಪುಸ್ತಕ ಇಟ್ಟುಕೊಳ್ಳಲು ಸಂಶೋಧನಾರ್ಥಿಗೆ ಹೇಳಿದ್ದೆ. ಯಾವ ದಿನ, ಯಾವ ವೇದಿಕೆಯಲ್ಲಿ, ಅದರೊಳಗಿನ ಯಾವ ಸಂಚಯದಲ್ಲಿ, ಅಕ್ಷರಕ್ಕೆ ಅಕ್ಷರ ಯಾವ ಹುಡುಕುವಾಕ್ಯ, ಎಷ್ಟು ಫಲಿತಾಂಶ, ಎಷ್ಟನ್ನು ಇಟ್ಟುಕೊಂಡದ್ದು. ವ್ಯವಸ್ಥಿತ ಪರಿಶೀಲನೆಗಳಿಗೆ ಪ್ರಿಸ್ಮಾ 2020 ಎಂಬ ಪರಿಷ್ಕೃತ ನಿಯಮಾವಳಿಯೂ, ಪರಿಸರ ವಿಷಯಗಳಿಗೆಂದೇ ಇರುವ ರೋಸಸ್ ನಮೂನೆಯೂ ಕೇಳುವುದು ಹೆಚ್ಚೂಕಡಿಮೆ ಇದನ್ನೇ. ಪ್ರಬಂಧ ವ್ಯವಸ್ಥಿತ ಪರಿಶೀಲನೆಯಾಗಿರಲಿಲ್ಲ, ಆದರೂ ಈ ಶಿಸ್ತು ಒಳ್ಳೆಯದಕ್ಕೇ ಆಯಿತು: ಒಂದು ಹುಡುಕುವಾಕ್ಯದಲ್ಲಿ ಆವರಣಚಿಹ್ನೆ ತಪ್ಪಿದ್ದದ್ದು ಪುಸ್ತಕವನ್ನು ಮತ್ತೆ ಓದಿದಾಗಲೇ ಸಿಕ್ಕಿತು.

ವಾಕ್ಯ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿದೆವು. ಬೇಕೇ ಬೇಕು ಎಂದು ಮಾರ್ಗದರ್ಶಕರು ಮೊದಲೇ ಗೊತ್ತುಮಾಡಿದ್ದ ಕೆಲವು ಲೇಖನಗಳ ಪಟ್ಟಿಯನ್ನು ಬದಿಗಿಟ್ಟುಕೊಂಡು, ನಮ್ಮ ವಾಕ್ಯ ಅವನ್ನು ತಾನಾಗಿ ಹೊರತರುತ್ತದೆಯೇ ಎಂದು ನೋಡಿದೆವು. ಆರಂಭದಲ್ಲಿ ನಮ್ಮ ವಾಕ್ಯಕ್ಕೆ ಮೂರು ಭಾಗಗಳಿದ್ದವು: ಪ್ರಾಣಿ, ಕೊಳ, ಹಾನಿ. ಪಟ್ಟಿಯಲ್ಲಿನ ಕೆಲವು ಲೇಖನಗಳು ತಪ್ಪಿಸಿಕೊಂಡವು. ಕಾರಣ, ಅವುಗಳ ಸಾರಲೇಖದಲ್ಲಿ ಹಾನಿ, ನಷ್ಟ, ಸಂಘರ್ಷ ಎಂಬ ಪದಗಳೇ ಇರಲಿಲ್ಲ, “ಕೊಳದಲ್ಲಿ ನೀರುನಾಯಿಯ ಆಹಾರ” ಎಂದಷ್ಟೇ ಇತ್ತು. ಮೂರನೆಯ ಭಾಗವನ್ನು ತೆಗೆದುಹಾಕಿದ ಮೇಲೆ ಅವು ಬಂದವು, ಜೊತೆಗೆ ಬೇಡದ್ದೂ ಬಂತು. ವಿಶೇಷ ಸಂಚಯಗಳಲ್ಲಿ ಎರಡೇ ಭಾಗ ಸಾಕು, ಸ್ಕೋಪಸ್‌ನಂಥ ಸಾರ್ವತ್ರಿಕ ಸಂಚಯದಲ್ಲಿ ಮೂರೂ ಬೇಕು ಎಂದು ಕೊನೆಗೆ ಗೊತ್ತುಮಾಡಿಕೊಂಡೆವು. ಬೇಡದ ದಾಖಲೆಯನ್ನು ಓದಿ ಬಿಡುವುದಕ್ಕೆ ಅರ್ಧ ನಿಮಿಷ ಸಾಕು. ಬೇಕಾದದ್ದು ತಪ್ಪಿದರೆ ಅದು ತಪ್ಪಿದೆ ಎಂದೇ ಗೊತ್ತಾಗುವುದಿಲ್ಲ.

ಆಮೇಲೆ ಉಲ್ಲೇಖಗಳ ಜಾಡು. ಇಟ್ಟುಕೊಂಡ ಪ್ರತಿ ಲೇಖನದ ಹಿಂದಿನ ಉಲ್ಲೇಖಗಳನ್ನೂ, ಅದನ್ನು ಅನಂತರ ಉಲ್ಲೇಖಿಸಿದವರನ್ನೂ ನೋಡುತ್ತ ಹೋದಾಗ, ನೀರುನಾಯಿ ದಿನಕ್ಕೆ ಎಷ್ಟು ತಿನ್ನುತ್ತದೆ ಎಂಬ ಸಂಖ್ಯೆಯನ್ನು ಆಧರಿಸಿದ ಲೇಖನಗಳು ಗೊಂಚಲಾಗಿ ಸಿಕ್ಕವು. ನೀರುನಾಯಿಗಳ ಸಂಖ್ಯೆಯನ್ನು ದಿನದ ಆಹಾರದಿಂದ ಗುಣಿಸಿ ನಷ್ಟ ಹೇಳುವ ಈ ಪದ್ಧತಿಯಲ್ಲಿ, ತಿಂದ ಮೀನೆಲ್ಲ ಕೊಳದ್ದೇ ಎಂಬ ಊಹೆ ಅಡಗಿದೆ. ಪಕ್ಕದ ಹೊಳೆಯ ಮೀನಿಗೆ ಅದರಲ್ಲಿ ಜಾಗವಿಲ್ಲ. ಈ ಲೇಖನಗಳನ್ನು ಬೇರೆ ಕೋಷ್ಟಕದಲ್ಲಿಡಲು ಸಂಶೋಧನಾರ್ಥಿ ನಿರ್ಧರಿಸಿದರು, ಅದು ಸರಿಯೆಂದೇ ನನಗೂ ತೋರಿತು.

ಹೊಸ ಕರಡಿನಲ್ಲಿ “ವಿರಳ” ಎಂಬ ವಾಕ್ಯ ಹೋಗಿ, ಅದರ ಜಾಗದಲ್ಲಿ ಯಾವ ಸಂಚಯಗಳಲ್ಲಿ, ಯಾವ ಭಾಷೆಗಳಲ್ಲಿ, ಯಾವ ದಿನಾಂಕದವರೆಗೆ ಹುಡುಕಲಾಯಿತು ಎಂಬ ಒಂದು ಪರಿಚ್ಛೇದ ಬಂತು. ಅದರ ಜೊತೆಯಲ್ಲಿ ಇನ್ನೊಂದು ಚಿಕ್ಕ ಪಟ್ಟಿಯೂ ಸೇರಿತು: ಬೇರೆಯವರು ಉಲ್ಲೇಖಿಸಿದ್ದರೂ ಎಲ್ಲಿಯೂ ಪ್ರತಿ ದೊರೆಯದ ಇಲಾಖಾ ವರದಿಗಳು. ಅವುಗಳಲ್ಲಿರುವ ಅಂಕಿಗಳನ್ನು ಮೂಲ ನೋಡದೆ ಬಳಸಿಲ್ಲವೆಂದು ಸಂಶೋಧನಾರ್ಥಿ ಅಲ್ಲಿ ಬರೆದರು. ಪ್ರಬಂಧ ಸಲ್ಲಿಸುವ ಮುನ್ನ ಎಲ್ಲ ಹುಡುಕುವಾಕ್ಯಗಳನ್ನೂ ಇನ್ನೊಮ್ಮೆ ನಡೆಸಿದಾಗ ಆ ಪಟ್ಟಿಯಲ್ಲಿನ ಒಂದು ವರದಿ ಅಕ್ವಾಡಾಕ್ಸ್‌ಗೆ ಹೊಸದಾಗಿ ಸೇರಿತ್ತು; ಅದನ್ನು ಓದಿ, ಪಟ್ಟಿಯಿಂದ ಅದರ ಹೆಸರು ಹೊಡೆದುಹಾಕಿ, ಕೋಷ್ಟಕಕ್ಕೆ ಸೇರಿಸಿದರು.